290 ನಡೆಗಳ ಪೀಕಲಾಟ

ಚದುರಂಗದ ಅಂತ್ಯದಾಟದಲ್ಲಿ, ಇಂತಿಷ್ಟು ನಡೆಗಳೊಳಗೆ ಎದುರಾಳಿಯ ರಾಜನನ್ನು ಕಟ್ಟಿಹಾಕಬೇಕೆಂಬ ಸಮಸ್ಯೆಯನ್ನು ಸ್ಟಾಕ್‌ಫಿಶ್‌ನಂಥ ಎಂಜಿನ್‌ಗೆ, ಅಂದರೆ ನಡೆಗಳನ್ನು ಶೋಧಿಸಿ ತೂಗುವ ತಂತ್ರಾಂಶಕ್ಕೆ, ಒಪ್ಪಿಸಿ ದಾವಣಗೆರೆಯ ರಸಿಕರು ಬೆಣ್ಣೆದೋಸೆಗೆ ಹೋಗಿಬರಬಹುದು. ಆದರೆ ಅದು ಹಂಗೇರಿಯ ಒಟ್ಟೊ ಬ್ಲಾಥಿ 1929ರಲ್ಲಿ ರಚಿಸಿದ 290 ನಡೆಗಳ ಸಮಸ್ಯೆಯಾದರೆ, ದೋಸೆಯಾಗಿ, ಮಂಡಕ್ಕಿ-ಮಿರ್ಚಿಯಾಗಿ, ಹರಿಹರೇಶ್ವರನ ದರ್ಶನವೂ ಮುಗಿದರೂ ಯಂತ್ರ ತಡಕಾಡುತ್ತಲೇ ಇದ್ದೀತು. ಕುದುರೆಯನ್ನು 64 ಮನೆಗಳಲ್ಲೂ ಒಮ್ಮೊಮ್ಮೆಯೇ ನಡೆಸುವ ಬಂಧಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಯಂತ್ರದ ಹಂಗೇ ಇರಲಿಲ್ಲವೆಂಬುದು ಬೇರೆ ಮಾತು.

ಯಂತ್ರ ಹೀಗೆ ತಡಕಾಡಲು ಕಾರಣವಿದೆ. ಸರದಿ ಬಿಟ್ಟುಕೊಟ್ಟರೂ ಸ್ಥಿತಿ ಚೆನ್ನಾಗಿಯೇ ಉಳಿಯುವುದಾದರೆ ಆ ಕವಲನ್ನು ಆಳವಾಗಿ ನೋಡಬೇಕಿಲ್ಲವೆಂಬುದು ಎಂಜಿನ್‌ನ ಮಿತವ್ಯಯ ಸೂತ್ರ. ನಡೆಯಲೇಬೇಕಾಗಿ ಬಂದದ್ದೇ ಅನರ್ಥವಾಗುವ, ‘ಝುಗ್‌ಝ್ವಾಂಗ್’ ಎನಿಸಿಕೊಂಡ ಅಂತ್ಯದಾಟದ ಇಕ್ಕಟ್ಟಿನಲ್ಲಿ ಈ ಜಾಣತನವೇ ಮುಳುವಾಗುತ್ತದೆ. ಹೀಗೆ ಶೋಧಿಸುವ ಬದಲು, ರಾಜ ಕಟ್ಟಿಬಿದ್ದ ‘ಮಾತ್’ ಸ್ಥಿತಿಯಿಂದ ಹಿಂದಕ್ಕೆ ಎಣಿಸುತ್ತ ಬಂದ ಲೋಮೊನೊಸೊವ್ ಕೋಷ್ಟಕಗಳು 549 ನಡೆಗಳ ‘ಮಾತ್’ ಅನ್ನೂ ತಪ್ಪಿಲ್ಲದೆ ಹೇಳಬಲ್ಲವಾದರೂ, ರಾಜರೂ ಸೇರಿ 7 ಕಾಯಿಗಳಿಗಿಂತ ಹೆಚ್ಚಿದ್ದರೆ ಮೌನ ತಾಳುತ್ತವೆ.

ಇಷ್ಟಕ್ಕೂ ಬ್ಲಾಥಿ ವಿದ್ಯುತ್ ಎಂಜಿನಿಯರು. 1885ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಆತ ರೂಪಿಸಿದ ಟ್ರಾನ್ಸ್‌ಫಾರ್ಮರಿನ ವಂಶಜರ ಮೂಲಕವೇ ಗಣಕಕ್ಕೂ ವಿದ್ಯುತ್ ಬರುವುದರಿಂದ, 289ನೆಯ ನಡೆಯಲ್ಲಿ ಕರೆಂಟು ಹೋದರೆ ಅದನ್ನೂ ಆತನದೇ ನಡೆಯೆಂದು ಬರೆದುಕೊಳ್ಳಬೇಕಾಗುತ್ತದೆ.