ಮೀನಿನ ಮಡಿ

"ಬಿಡೋದಾದ್ರೆ ಹಿಡಿಯೋದ್ಯಾಕೆ ಮಾರಾಯ?"

ಅಮ್ಮ ಹೀಗೆ ಕೇಳಿದ್ದು ಕೊಲರಾಡೋದ ಸೌತ್ ಪ್ಲಾಟ್ ನದಿಯ ದಂಡೆಯಲ್ಲಿ, ಮಡಚುವ ಕುರ್ಚಿಯ ಮೇಲೆ ಶಾಲು ಹೊದ್ದು ಕೂತು. ನಾನಾಗ ಎದೆಮಟ್ಟದ ರಬ್ಬರ್ ಪ್ಯಾಂಟು ತೊಟ್ಟು ಮೊಣಕಾಲುದ್ದ ನೀರಿನಲ್ಲಿ ನಿಂತು, ವಿಲ್ಲೋ ಪೊದೆಗೆ ಸಿಕ್ಕಿಕೊಂಡ ಮಗಳ ದಾರ ಬಿಡಿಸುತ್ತಿದ್ದೆ. ಹೊಳೆಯಲ್ಲೇ ನಿಂತಿದ್ದರೂ ಉತ್ತರ ಮಾತ್ರ ಹೊಳೆಯಲಿಲ್ಲ.

ಅಮ್ಮನ ಪ್ರಶ್ನೆಗೆ ಹಿನ್ನೆಲೆಯಿದೆ. ನಮ್ಮದು ತೀರ್ಥಹಳ್ಳಿ ಕಡೆ. ಅಲ್ಲಿ ತುಂಗೆಯ ಚಿಪ್ಪಲಗುಡ್ಡೆಯಲ್ಲಿ ಮೀನು ಹಿಡಿಯುವ ಹಾಗಿಲ್ಲ. ದೇವಸ್ಥಾನಕ್ಕೆ ಬಂದವರು ಮಂಡಕ್ಕಿ ಎಸೆದು, ಮೊಣಕೈ ಉದ್ದದ ಮೀನುಗಳು ಒಂದರ ಮೇಲೊಂದು ಬೀಳುವುದನ್ನು ನೋಡಿ ಕೈಮುಗಿದು ಬರುತ್ತಾರೆ. ಮೀನು ಎಂದರೆ ನಮ್ಮ ಮನೆಯಲ್ಲಿ ಊಟಕ್ಕೆ ಬರುವ ನೆಂಟರು, ಊಟವಾಗುವ ನೆಂಟರಲ್ಲ. ಅಂಥ ಮನೆಯ ಹುಡುಗ ಮಳೆಗಾಲದಲ್ಲಿ ಗೆಳೆಯರ ಜೊತೆ ವಾಟೆಬಿದಿರಿನ ಗಾಳಕ್ಕೆ ಎರೆಹುಳು ಸಿಕ್ಕಿಸಿ ಕದ್ದು ಕೂರುತ್ತಿದ್ದ ಎಂಬುದು ಅಮ್ಮನಿಗೆ ಈಗಲೂ ಗೊತ್ತಿಲ್ಲ. ಗೊತ್ತಿದ್ದೂ ಸುಮ್ಮನಿರಬಹುದು, ಅಮ್ಮಂದಿರನ್ನು ನಂಬುವಂತಿಲ್ಲ.

ಇಲ್ಲಿ ನಾವು ಮಾಡುವ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವ ಫ್ಲೈ ಫಿಶಿಂಗ್ ನಮ್ಮೂರಿನ ಗಾಳದಂತಲ್ಲ. ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ತುದಿಯಲ್ಲಿರುವುದು ಕೋಳಿಯ ಪುಕ್ಕ, ನೂಲು ಸುತ್ತಿ ಮಾಡಿದ ಸುಳ್ಳು ನೊಣ. ಜೀರಿಗೆಕಾಳಿನಷ್ಟಿರುವ ಅದಕ್ಕೆ ಭಾರವೇ ಇಲ್ಲ. ಭಾರವೆಲ್ಲ ದಾರದ್ದು. ಆದ್ದರಿಂದ ದಾರವನ್ನೇ ಹಿಂದಕ್ಕೂ ಮುಂದಕ್ಕೂ ಬೀಸಿ ಹಾರಿಸಬೇಕು. ಗಡಿಯಾರದ ಹತ್ತು ಗಂಟೆಗೂ ಎರಡು ಗಂಟೆಗೂ ನಡುವೆ ಕೋಲು ಆಡಬೇಕು ಎಂಬುದು ಹಳೆಯ ಪಾಠ. ಮಗಳಿಗೆ ಹಾಗೆಯೇ ಹೇಳಿಕೊಟ್ಟೆ. "ಅಪ್ಪಾ, ಹತ್ತು ಗಂಟೆ ಯಾವ ಕಡೆ ಇರುತ್ತೆ?" ಎಂದಳು. ಹುಟ್ಟಿದಾಗಿನಿಂದ ಗಡಿಯಾರದಲ್ಲಿ ಅಂಕಿಗಳನ್ನಷ್ಟೇ ಕಂಡ ಮಗು. ಮೊದಲ ಭಾನುವಾರ ಪೂರ್ತಿ ನದಿ ದಂಡೆಯ ಮರಳಿನಲ್ಲಿ ಗಡಿಯಾರ ಬರೆದು ಮುಳ್ಳು ತೋರಿಸುವುದರಲ್ಲೇ ಕಳೆಯಿತು. ಮೀನುಗಳು ನಿಶ್ಚಿಂತೆಯಿಂದಿದ್ದವು.

ನಿಜ ಹೇಳಬೇಕೆಂದರೆ ಮಕ್ಕಳೊಡನೆ ಮೀನಿಗೆ ಹೋದ ಅಪ್ಪ ಮೀನು ಹಿಡಿಯುವುದಿಲ್ಲ, ಗಂಟು ಬಿಡಿಸುತ್ತಾನೆ. ಇಲ್ಲಿ 16 ವರ್ಷದ ಒಳಗಿನವರಿಗೆ ಲೈಸೆನ್ಸು ಬೇಡ. ದುಡ್ಡು ಕೊಟ್ಟು ಲೈಸೆನ್ಸು ಪಡೆದ ನಾನು ವರ್ಷದಲ್ಲಿ ನೀರಿಗೆ ನೊಣ ಬಿಟ್ಟದ್ದಕ್ಕಿಂತ ಪೊದೆಯಿಂದ ಬಿಡಿಸಿದ್ದೇ ಹೆಚ್ಚು. ನೊಣ ಕಟ್ಟುವ ತುದಿದಾರದ ದಪ್ಪ ಸುಮಾರು 0.15 ಮಿಲಿಮೀಟರು. ನನಗೆ ಚಾಳೀಸು ಬಂದಿದೆ. ಇನ್ನು ಲೆಕ್ಕ ನೀವೇ ಹಾಕಿಕೊಳ್ಳಿ.

ಆರು ವರ್ಷದ ಮಗನಿಗೆ ಕೋಲಿನ ಗೊಡವೆಯೇ ಇಲ್ಲ. ಅವನಿಗೆ ಕಲ್ಲು ಬೇಕು. ನೀರಿನೊಳಗಿನ ಕಲ್ಲು ಮಗುಚಿದರೆ ಅಡಿಯಲ್ಲಿ ಕ್ಯಾಡಿಸ್ ಹುಳುಗಳ ಮನೆ. ಮರಳಿನ ಕಣಗಳನ್ನು ತಮ್ಮ ರೇಷ್ಮೆಯಿಂದ ಅಂಟಿಸಿಕೊಂಡು, ಗುಂಡುಸೂಜಿ ಉದ್ದದ ಕೊಳವೆ ಕಟ್ಟಿ, ಅದರೊಳಗೆ ವಾಸ. ಕೆಲವು ಜಾತಿಯವು ಕಡ್ಡಿಚೂರಿನಲ್ಲಿ ಕಟ್ಟುತ್ತವೆ. ಮನೆಸಾಲದ ಕಂತು ಕಟ್ಟುವ ನಾನು ಅದನ್ನು ಅಸೂಯೆಯಿಂದಲೇ ನೋಡಿದೆ. ಮಗ ಮಾತ್ರ ನೋಡಿಯಾದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡುತ್ತಾನೆ. ತನ್ನ ಕೋಣೆಯಲ್ಲಿ ಒಂದು ಚಡ್ಡಿಯನ್ನೂ ಇದ್ದಲ್ಲಿ ಇಡದವನು.

ಈ ಹೊಳೆಯ ಮೀನುಗಳೂ ನಮ್ಮಂತೆ ವಲಸೆ ಬಂದವು. ಕಂದು ಟ್ರೌಟ್ 1883ರಲ್ಲಿ ಜರ್ಮನಿಯಿಂದ ಮೊಟ್ಟೆಯಾಗಿ ಹಡಗಿನಲ್ಲಿ ಅಮೆರಿಕಕ್ಕೆ ಬಂದ ಕುಲದ್ದು. ರೇನ್‌ಬೋ ಟ್ರೌಟ್ ಪೆಸಿಫಿಕ್ ಕಡೆಯಿಂದ ತಂದದ್ದು. ಕೊಲರಾಡೋದ ರಾಜ್ಯಮೀನು ಎಂಬ ಪಟ್ಟವಿರುವ ಗ್ರೀನ್‌ಬ್ಯಾಕ್ ಕಟ್‌ಥ್ರೋಟನ್ನು ನಾವು ಚಿತ್ರದಲ್ಲಿ ಮಾತ್ರ ನೋಡಿದ್ದೇವೆ. ಇದನ್ನು ಕೇಳಿ ಮಗಳು, "ಹಾಗಾದ್ರೆ ಕಂದು ಟ್ರೌಟ್‌ಗೆ ಗ್ರೀನ್ ಕಾರ್ಡ್ ಯಾವಾಗ ಸಿಕ್ತು?" ಎಂದಳು. ಹೆಂಡತಿ ನನ್ನ ಮುಖ ನೋಡಿದಳು. ನಾನು ನೀರು ನೋಡಿದೆ.

ಮೀನು ಹಿಡಿಯುವ ಈ ಬಗೆಯ ಹುಚ್ಚನ್ನು ಬಿಳಿಯರು ನಮ್ಮ ಕಡೆಗೂ ತಂದಿದ್ದರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಮಹಶೀರ್ ಮೀನಿನ ಜಟಾಪಟಿಯ ಮುಂದೆ ಸಾಲ್ಮನ್ ಏನೂ ಅಲ್ಲ ಎಂಬ ಪಕ್ಷದವನು ಆತ. ಅಮ್ಮನಿಗೆ ಇದನ್ನು ಹೇಳಿದರೆ, "ಕಲೆಕ್ಟರಿಗೆ ಆಫೀಸಿನಲ್ಲಿ ಕೆಲಸ ಇರಲಿಲ್ವಾ?" ಎಂದರು.

ಆ ದಿನ ಬುತ್ತಿ ಬಿಚ್ಚುವಾಗ ಅಮ್ಮ ಸೆರಗಿನ ಮರೆಯಿಂದ ಪೊಟ್ಟಣವೊಂದನ್ನು ತೆಗೆದರು. ಮಂಡಕ್ಕಿ! ಡೆನ್ವರಿನ ಇಂಡಿಯನ್ ಅಂಗಡಿಯದು. ಅವರು ನೀರಿಗೆ ಎಸೆಯುವ ಮೊದಲೇ ನಾನು ಕೈ ಹಿಡಿದೆ. "ಅಮ್ಮಾ, ಇಲ್ಲಿ ಮೀನಿಗೆ ತಿಂಡಿ ಹಾಕೋ ಹಾಗಿಲ್ಲ, ಕಾನೂನು. ಸುಳ್ಳು ನೊಣ ಮಾತ್ರ ಹಾಕಬಹುದು."

ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಹಸಿದವರಿಗೆ ನಿಜವಾದ ತಿಂಡಿ ಕೊಟ್ಟರೆ ತಪ್ಪು, ಸುಳ್ಳು ತಿಂಡಿ ತೋರಿಸಿ ಮೋಸ ಮಾಡಿದರೆ ಸರಿ. ಒಳ್ಳೆ ದೇಶ." ಮಂಡಕ್ಕಿಯನ್ನು ಮಗ ತಿಂದ.

ಆದರೆ ಒಂದು ನಿಯಮ ಮಾತ್ರ ಅವರಿಗೆ ತುಂಬಾ ಹಿಡಿಸಿತು. ಮಧ್ಯಾಹ್ನ ಮಗಳ ನೊಣಕ್ಕೆ ಅಂಗೈ ಉದ್ದದ ಕಂದು ಟ್ರೌಟ್ ಬಿತ್ತು. ಹಿಡಿಯಲು ಓಡಿದ ಮಗನಿಗೆ ಅಕ್ಕ ಗದರಿದಳು: "ಮುಟ್ಟಬೇಡ! ಮೊದಲು ಕೈ ಒದ್ದೆ ಮಾಡ್ಕೋ!" ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ಕವಚ; ಒಣಗಿದ ಕೈ ತಗುಲಿದರೆ ಅದು ಕಿತ್ತುಬಂದು ರೋಗ ಹತ್ತಬಹುದು. ಅಮ್ಮ ಕುರ್ಚಿಯಿಂದ ಎದ್ದೇ ಬಂದರು. "ಅಂದ್ರೆ, ಮೀನಿಗೂ ಮಡಿ ಇದೆ!" ಅವರ ಮಡಿಯನ್ನು ಎಂಟು ಸಾವಿರಕ್ಕೂ ಹೆಚ್ಚು ಮೈಲಿ ದೂರ ಬಿಟ್ಟು ಬಂದವನ ಮಗಳು, ಒದ್ದೆ ಕೈಯಲ್ಲಿ ಮೀನನ್ನು ನೀರಿನಲ್ಲೇ ಹಿಡಿದು, ಮುಳ್ಳಿಲ್ಲದ ಕೊಕ್ಕೆ ಬಿಡಿಸಿ, ಅದು ತಾನಾಗಿ ಬಾಲ ಬೀಸಿ ಹೋಗುವವರೆಗೂ ಕಾದಳು. ಅಮ್ಮ ಕೈಮುಗಿದರು. ಮೀನಿಗೋ ಮೊಮ್ಮಗಳಿಗೋ ಕೇಳಲಿಲ್ಲ.

ಅಮ್ಮ ಊರಿಗೆ ಹೊರಟ ಮೇಲೆ ಮಗಳು ಬಿಳಿ ಫೋಮಿನ ಚೂರಿಗೆ ನೂಲು ಸುತ್ತಿ ಹೊಸದೊಂದು ನೊಣ ಕಟ್ಟಿದಳು. ಥೇಟ್ ಮಂಡಕ್ಕಿ. ಯಾವ ಪುಸ್ತಕದಲ್ಲೂ ಇಲ್ಲದ್ದು. ಫೋಟೋ ತೀರ್ಥಹಳ್ಳಿಗೆ ಹೋಯಿತು. ಮುಂದಿನ ಭಾನುವಾರ ನದಿಗೆ ಹೋಗಿ ಮೊದಲ ಬೀಸು, ಎರಡನೆಯ ಬೀಸು. ಮೂರನೆಯದಕ್ಕೆ ನಾನು ಪ್ಯಾಂಟು ಏರಿಸಿ ನೀರಿಗಿಳಿಯಬೇಕಾಯಿತು.

ಸಂಜೆ ಅಮ್ಮನ ಫೋನು. "ಏನೇ, ಮಂಡಕ್ಕಿ ತಿಂತಾ?"

"ತಿಂತು ಅಜ್ಜಿ," ಎಂದಳು ಮಗಳು. "ಮೀನಲ್ಲ, ಮರ."