ಮೂರು ಅಂಕದ ಬಾಕಿ ಲೆಕ್ಕ

ಮೂವತ್ತು ಅಂಕದಿಂದ ಸೋತ ತಂಡದ ಅಭಿಮಾನಿ ಪುಣ್ಯವಂತ. ಮೂರನೇ ಕ್ವಾರ್ಟರ್ ಮುಗಿಯುವ ಮೊದಲೇ ಟಿ.ವಿ. ಆರಿಸಿ, ‘ಈ ಸಲ ನಮ್ಮವರು ದಂಡ’ ಎಂದು ತೀರ್ಪು ಕೊಟ್ಟು, ಉಂಡು ಗೊರಕೆ ಹೊಡೆಯಬಹುದು. ಮೂರು ಅಂಕದಿಂದ ಸೋತವನಿಗೆ ಆ ಯೋಗವಿಲ್ಲ. ಅವನು ರಾತ್ರೋರಾತ್ರಿ ಆಡಿಟರ್ ಆಗುತ್ತಾನೆ. ಆ ಮೂರು ಅಂಕ ಎಲ್ಲಿ ಸೋರಿತು, ಯಾರ ಕೈಯಿಂದ ಜಾರಿತು ಎಂದು ಇಡೀ ಪಂದ್ಯದ ಖಾತೆ ಬಿಚ್ಚಿ ಕೂರುತ್ತಾನೆ. ಬಾಸ್ಕೆಟ್‌ಬಾಲಿನಲ್ಲಿ ಈ ಕೆಲಸಕ್ಕೆ ಬೇಕಾದಷ್ಟು ಕಡತ ಸಿಗುತ್ತದೆ. ಫುಟ್‌ಬಾಲಿನಲ್ಲಿ ತಪ್ಪಿದ ಗೋಲುಗಳನ್ನು ಬೆರಳಲ್ಲೇ ಎಣಿಸಬಹುದು. ಇಲ್ಲಿ ಒಂದೇ ಪಂದ್ಯದಲ್ಲಿ ಹತ್ತಾರು ಎಸೆತಗಳು ತಪ್ಪಿರುತ್ತವೆ. ಅವುಗಳಲ್ಲಿ ಯಾವುದನ್ನು ಬೇಕಾದರೂ ಕಟಕಟೆಗೆ ಎಳೆಯಬಹುದು.

ಈ ವಿದ್ಯೆಯಲ್ಲಿ ಅಮೆರಿಕದ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ಸ್ಪರ್ಸ್ ಅಭಿಮಾನಿಗಳು ಪಾರಂಗತರು. ಅವರ ಮುಂದೆ ‘28.2’ ಎಂದು ನೋಡಿ, ಮುಖ ಹುಳ್ಳಗಾಗುತ್ತದೆ. 2013ರ ಜೂನ್ 18, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್‌ನ ಆರನೇ ಪಂದ್ಯ, ಎದುರಾಳಿ ಮಯಾಮಿ ಹೀಟ್, ಆಟ ಅವರ ಊರಲ್ಲೇ. ಸರಣಿಯಲ್ಲಿ ಸ್ಪರ್ಸ್ 3-2ರಿಂದ ಮುಂದು. ಗಡಿಯಾರದಲ್ಲಿ 28.2 ಸೆಕೆಂಡ್ ಉಳಿದಾಗ ಐದು ಅಂಕದ ಮುನ್ನಡೆ. ಕಪ್ ಕೊಡುವ ಸಮಾರಂಭಕ್ಕೆಂದು ಸಿಬ್ಬಂದಿ ಹಳದಿ ಹಗ್ಗ ಹಿಡಿದು ಅಂಗಣದ ಅಂಚಿಗೆ ಬಂದು ನಿಂತಿದ್ದರು. ಮಯಾಮಿಯ ಎಷ್ಟೋ ಅಭಿಮಾನಿಗಳು ಟ್ರಾಫಿಕ್ ತಪ್ಪಿಸಿಕೊಳ್ಳಲು ಎದ್ದು ಹೊರಟೂ ಆಗಿತ್ತು.

ಆಮೇಲೆ ಮಯಾಮಿಯ ಲೆಬ್ರಾನ್ ಜೇಮ್ಸ್ ಒಂದು ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಎಸೆದು ಗಳಿಸುವ ಮೂರು ಅಂಕ) ಹಾಕಿದ. ಸ್ಪರ್ಸ್‌ನ ಕವಾಯ್ ಲೆನರ್ಡ್‌ಗೆ ಎರಡು ಫ್ರೀ ಥ್ರೋ ಸಿಕ್ಕವು. ಒಂದು ತಪ್ಪಿತು, ಒಂದು ಬಿತ್ತು. ಮುನ್ನಡೆ ಮೂರು. ಲೆಬ್ರಾನ್ ಮತ್ತೆ ಎಸೆದ, ತಪ್ಪಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮಯಾಮಿಯ ಕ್ರಿಸ್ ಬಾಷ್ ರೀಬೌಂಡ್ ಹಿಡಿದು ಬಲಮೂಲೆಗೆ ಪಾಸ್ ಕೊಟ್ಟ. ಅಲ್ಲಿ, ಕಾಲ ಕೆಳಗಿನ ಗೆರೆಯನ್ನು ನೋಡದೆಯೇ ಹಿಂದಕ್ಕೆ ಹೆಜ್ಜೆ ಹಾಕಿ ನಿಂತಿದ್ದವನು ರೇ ಅಲೆನ್, ಆ ಹೊತ್ತಿಗೆ ಲೀಗಿನ ಚರಿತ್ರೆಯಲ್ಲೇ ಅತಿ ಹೆಚ್ಚು ತ್ರೀ ಪಾಯಿಂಟರ್ ಹಾಕಿದ್ದ ಆಸಾಮಿ. ಚೆಂಡು ಬಲೆಯೊಳಗೆ, ಸ್ಕೋರು 95-95, ಉಳಿದದ್ದು 5.2 ಸೆಕೆಂಡ್. ಓವರ್‌ಟೈಮಿನಲ್ಲಿ ಮಯಾಮಿ 103-100ರಿಂದ ಗೆದ್ದಿತು. ಹಗ್ಗ ಹಿಡಿದವರು ಹಗ್ಗ ಸುತ್ತಿಕೊಂಡು ಹೋದರು. ಬೇಗ ಹೊರಟಿದ್ದ ಮಯಾಮಿಯವರು ಓಡೋಡಿ ಬಂದು ಬಾಗಿಲು ಬಡಿದರೂ ಒಳಗೆ ಬಿಡಲಿಲ್ಲ. ಸ್ಪರ್ಸ್ ಅಭಿಮಾನಿಗೆ ಆ ರಾತ್ರಿ ದಕ್ಕಿದ ಸಮಾಧಾನ ಇದೊಂದೇ.

ಇನ್ನು ವಿಚಾರಣೆ. ಮೊದಲ ಆರೋಪಿ ಲೆನರ್ಡ್. ಎದುರಿಗೆ ಯಾರೂ ಅಡ್ಡವಿಲ್ಲದೆ, ಹದಿನೈದು ಅಡಿ ದೂರದಿಂದ, ತಣ್ಣಗೆ ನಿಂತು ಎಸೆಯುವುದನ್ನೂ ತಪ್ಪಿಸಬೇಕೆ? ಆದರೆ ಹುಡುಗನಿಗೆ ಆಗ 21 ವರ್ಷ, ಪಾಪ ಎನಿಸುತ್ತದೆ. ಎರಡನೆಯವನು ಮಾನು ಜಿನೋಬಿಲಿ. ಅವನೂ ಕೊನೆಗಳಿಗೆಯಲ್ಲಿ ಒಂದು ಫ್ರೀ ಥ್ರೋ ಬಿಟ್ಟವನೇ, ಸಾಲದ್ದಕ್ಕೆ ಎಂಟು ಸಲ ಚೆಂಡು ಕಳೆದುಕೊಂಡಿದ್ದ. ಅವನನ್ನು ಬೈಯಲು ಸ್ಯಾನ್ ಆಂಟೋನಿಯೊದಲ್ಲಿ ಯಾರಿಗೂ ಮನಸ್ಸು ಬಾರದು. ಕೊನೆಗೆ ಎಲ್ಲರ ಬೆರಳು ತಿರುಗುವುದು ಕೋಚ್ ಗ್ರೆಗ್ ಪೊಪೊವಿಚ್ ಕಡೆಗೆ. ಆರಡಿ ಹನ್ನೊಂದಂಗುಲದ ಟಿಮ್ ಡಂಕನ್ ಅಂದು 30 ಅಂಕ ಗಳಿಸಿದ್ದ. ಆ ಕೊನೆಯ ಸೆಕೆಂಡುಗಳಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸಿದ್ದರು! ತ್ರೀ ಪಾಯಿಂಟರ್ ಹಾಕುವವರ ಹಿಂದೆ ಓಡಲು ಚುರುಕು ಕಾಲಿನವರು ಬೇಕು ಎಂಬುದು ಕೋಚ್ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಲೆಬ್ರಾನ್ ಎಸೆತ ತಪ್ಪಿತ್ತಲ್ಲ. ಕೆಳಗೆ ಬಿದ್ದ ಚೆಂಡನ್ನು ಹಿಡಿಯಲು ಎತ್ತರದವನು ಇರಲಿಲ್ಲ ಅಷ್ಟೆ. ಈ ‘ಅಷ್ಟೆ’ಯ ಸುತ್ತ ಆ ಊರಿನ ಬಾರು, ಕಟಿಂಗ್ ಶಾಪುಗಳಲ್ಲಿ ಎಷ್ಟು ಮಾತು ಖರ್ಚಾಗಿರಬಹುದೋ ದೇವರೇ ಬಲ್ಲ.

ಎಲ್ಲರನ್ನೂ ವಿಚಾರಿಸಿ ಮುಗಿದ ಮೇಲೆ ಉಳಿಯುವ ಆರೋಪಿ ಅಭಿಮಾನಿ ತಾನೇ. ಸೋಫಾದ ಎಡತುದಿಯಲ್ಲಿ ಕೂತಿದ್ದಾಗ ತಂಡ ಚೆನ್ನಾಗಿ ಆಡುತ್ತಿತ್ತು. ನೀರು ಕುಡಿಯಲು ಎದ್ದು ಬಂದು ಬಲಗಡೆ ಕೂತದ್ದೇ ತಡ, ಅನಾಹುತವಾಯಿತು. ಸಾವಿರಾರು ಮೈಲಿ ದೂರದ ಚೆಂಡಿಗೆ ತನ್ನ ಸೋಫಾ ಗೊತ್ತಿರದು ಎಂದು ಅವನಿಗೂ ಗೊತ್ತು. ಆದರೂ ಮುಂದಿನ ಪಂದ್ಯಕ್ಕೆ ಎಡತುದಿಯನ್ನು ಹೆಂಡತಿಗೂ ಬಿಟ್ಟುಕೊಡುವುದಿಲ್ಲ.

ಹಾಗೆ ನೋಡಿದರೆ ಈ ಸಂಕಟ ಆಟದ ಜೊತೆಯಲ್ಲೇ ಹುಟ್ಟಿದ್ದು. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಆಡಿಸಿದ ಮೊಟ್ಟಮೊದಲ ಪಂದ್ಯದ ಫಲಿತಾಂಶ 1-0. ಇದಕ್ಕಿಂತ ಕಡಿಮೆ ಅಂತರದಲ್ಲಿ ಸೋಲಲು ಯಾರಿಂದ ಸಾಧ್ಯ? 1950ರ ನವೆಂಬರಿನಲ್ಲಿ ಮಿನಿಯಾಪೊಲಿಸ್ ಲೇಕರ್ಸ್ ತಂಡ ತನ್ನೂರಿನಲ್ಲೇ ಫೋರ್ಟ್ ವೇನ್ ಪಿಸ್ಟನ್ಸ್ ಎದುರು 18-19ರಿಂದ ಸೋತಿತು. ದೈತ್ಯ ಜಾರ್ಜ್ ಮೈಕನ್‌ಗೆ ಹೆದರಿದ ಪಿಸ್ಟನ್ಸ್ ಚೆಂಡನ್ನು ಎಸೆಯದೆ ಸುಮ್ಮನೆ ಹಿಡಿದು ನಿಂತಿತು. ಲೇಕರ್ಸ್‌ನ 18ರಲ್ಲಿ 15 ಅಂಕ ಮೈಕನ್‌ನದೇ. ಪ್ರೇಕ್ಷಕರು ಬೊಬ್ಬೆ ಹೊಡೆದರು. ಇಂಥ ಆಟ ನೋಡಿ ನೋಡಿ ಸಾಕಾಗಿ 1954ರಲ್ಲಿ 24 ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ನಿಯಮ ಬಂತು.

ಹಟದಲ್ಲಿ ಮಾತ್ರ 1972ರ ಅಮೆರಿಕ ಒಲಿಂಪಿಕ್ ತಂಡವನ್ನು ಮೀರಿಸಿದವರಿಲ್ಲ. ಮ್ಯೂನಿಕ್ ಫೈನಲ್‌ನಲ್ಲಿ ಕೊನೆಯ ಮೂರು ಸೆಕೆಂಡುಗಳನ್ನು ಮತ್ತೆ ಮತ್ತೆ ಆಡಿಸಿ, ಸೋವಿಯತ್ ಒಕ್ಕೂಟ 51-50ರಿಂದ ಗೆದ್ದಿತು. ಅಮೆರಿಕನ್ನರು ಬೆಳ್ಳಿ ಪದಕ ಮುಟ್ಟಲೇ ಇಲ್ಲ. ತನ್ನ ನಂತರ ಹೆಂಡತಿ ಮಕ್ಕಳೂ ಆ ಪದಕ ತೆಗೆದುಕೊಳ್ಳಕೂಡದು ಎಂದು ನಾಯಕ ಕೆನಿ ಡೇವಿಸ್ ಉಯಿಲಿನಲ್ಲೇ ಬರೆಸಿದ. ಹೊಲ ಮನೆಗಾಗಿ ಉಯಿಲು ಬರೆಯುವವರನ್ನು ಕಂಡಿದ್ದೇವೆ, ಒಂದು ಅಂಕಕ್ಕಾಗಿ ಬರೆದವರು ಅಪರೂಪ.

ಈಚೆಗೆ ಗಾಯಕ್ಕೆ ಉಪ್ಪು ಸವರುವ ವ್ಯವಸ್ಥೆಯೂ ಆಗಿದೆ. 2015ರಿಂದ ಎನ್‌ಬಿಎ, ಪೈಪೋಟಿಯ ಪಂದ್ಯಗಳ ಕೊನೆಯ ಎರಡು ನಿಮಿಷದಲ್ಲಿ ರೆಫರಿಗಳು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಮರುದಿನ ವರದಿ ಪ್ರಕಟಿಸುತ್ತದೆ. ‘ಹೌದು, ಅದು ಫೌಲ್ ಆಗಿತ್ತು’ ಎಂದು ಒಪ್ಪಿಕೊಳ್ಳುತ್ತದೆ. ಫಲಿತಾಂಶ ಮಾತ್ರ ಇದ್ದಂತೆಯೇ ಇರುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೂ ಒಂದು ಅರ್ಥವಿದೆ. ಇಲ್ಲಿ ಬಾಗಿಲು ತೆರೆದಿತ್ತೆಂದು ರಸೀದಿ ಕೊಟ್ಟು ಕಳಿಸುತ್ತಾರೆ. ಅಭಿಮಾನಿ ಅದನ್ನೂ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ.

ಸ್ಪರ್ಸ್‌ಗೆ ಸೇಡು ತೀರಿಸಿಕೊಳ್ಳುವ ಅವಕಾಶ ಒಂದೇ ವರ್ಷದಲ್ಲಿ ಸಿಕ್ಕಿತು. 2014ರಲ್ಲಿ ಅದೇ ಮಯಾಮಿಯನ್ನು 4-1ರಿಂದ ಬಡಿದರು. ಗೆದ್ದ ನಾಲ್ಕೂ ಪಂದ್ಯ ಹದಿನೈದು ಅಂಕ ಅಥವಾ ಅದಕ್ಕೂ ಮೇಲಿನ ಅಂತರದಲ್ಲಿ. ಫೈನಲ್ಸ್‌ನ ಶ್ರೇಷ್ಠ ಆಟಗಾರನೆಂಬ ಗೌರವ ಪಡೆದವನು ಅದೇ ಲೆನರ್ಡ್. ಸರಣಿಯಲ್ಲಿ ಸ್ಪರ್ಸ್ ಸೋತದ್ದು ಎರಡನೇ ಪಂದ್ಯವೊಂದನ್ನೇ, 96-98ರಿಂದ. ಕೊನೆಯ ಕ್ವಾರ್ಟರಿನಲ್ಲಿ ಟೋನಿ ಪಾರ್ಕರ್ ಎರಡು, ಅವನ ಬೆನ್ನಿಗೇ ಡಂಕನ್ ಎರಡು, ಒಟ್ಟು ನಾಲ್ಕು ಫ್ರೀ ಥ್ರೋ ಸಾಲಾಗಿ ತಪ್ಪಿಸಿದ್ದರು. ಕಪ್ ಬಂದ ವರ್ಷದ ಬಗ್ಗೆ ಕೇಳಿದರೆ ಹಳೆಯ ಸ್ಪರ್ಸ್ ಅಭಿಮಾನಿ ಮೊದಲು ನಗುತ್ತಾನೆ. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಆ ನಾಲ್ಕು ಫ್ರೀ ಥ್ರೋಗಳ ವಿಷಯ ತೆಗೆಯುತ್ತಾನೆ.