ಆಟಿಕೆಯ ಅಸ್ಮಿತೆ: ಗಣಕಚಿತ್ರ ಮೀಮಾಂಸೆಗೊಂದು ಪೂರ್ವಪೀಠಿಕೆ

ಶಾಸ್ತ್ರಗ್ರಂಥ ಎಂದಮೇಲೆ ಅನುಬಂಧ ಚತುಷ್ಟಯ ಇರತಕ್ಕದ್ದು. ಈ ಶಾಸ್ತ್ರದ ವಿಷಯ: ಕಂಪ್ಯೂಟರಿನಲ್ಲಿ ತಯಾರಾಗಿ ಮಕ್ಕಳೂ ದೊಡ್ಡವರೂ ಒಟ್ಟಿಗೆ ಕೂತು ನೋಡುವ ಅನಿಮೇಷನ್ ಚಿತ್ರಗಳ ಬಗ್ಗೆ ಬರೆದದ್ದರ ಬಗ್ಗೆ ಬರೆದದ್ದು. ಪ್ರಯೋಜನ: ಬಡ್ತಿಗೆ ಬೇಕಾದ ಅಂಕ. ಸಂಬಂಧ: ಚಿತ್ರಕ್ಕೂ ಲೇಖನಕ್ಕೂ ಯಾವುದೂ ಇರಬಾರದು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ಚಿತ್ರ ನೋಡುವಾಗ ಒಮ್ಮೆಯೂ ನಗದವನು ಮತ್ತು 'ಅಪ್' (2009) ಚಿತ್ರದ ಆರಂಭದಲ್ಲಿ ಮುದುಕನ ಹೆಂಡತಿ ತೀರಿಕೊಂಡಾಗ ಕಣ್ಣೊರೆಸಿಕೊಳ್ಳದವನು. ಒರೆಸಿಕೊಂಡವರು 'ಭಾವುಕತೆಯ ಬಂಡವಾಳಶಾಹಿ ಉತ್ಪಾದನೆ' ಎಂದು ಮೂರು ಸಲ ಜಪಿಸಿ, ಆಚಮನ ಮಾಡಿ ಮುಂದುವರಿಯಬಹುದು.

ಇನ್ನು ಕಾಲನಿರ್ಣಯ. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ಮೂಡಿದ ಮೊದಲ ಕಥಾಚಿತ್ರ 'ಟಾಯ್ ಸ್ಟೋರಿ' ತೆರೆಕಂಡದ್ದು 1995ರ ನವೆಂಬರಿನಲ್ಲಿ. ಚಿತ್ರ ಸುಮಾರು 80 ನಿಮಿಷದ್ದು. ಅದರ ಮೇಲಿನ ವ್ಯಾಖ್ಯಾನ ಓದಿ ಮುಗಿಸುವ ಹೊತ್ತಿಗೆ ಚಿತ್ರದೊಳಗಿನ ಪುಟ್ಟ ಹುಡುಗನಿಗೂ ಮೊಮ್ಮಕ್ಕಳಾಗಿರುತ್ತವೆ. ವ್ಯಾಖ್ಯಾನಕಾರರಲ್ಲಿ ಏಳು ಪಂಥಗಳಿದ್ದು ಅವನ್ನು ಕ್ರಮವಾಗಿ ನಿರೂಪಿಸಲಾಗುವುದು.

ಮೊದಲನೆಯದು ಪಾದತಲ ಪಂಥ. ವುಡಿ ಎಂಬ ಕೌಬಾಯ್ ಗೊಂಬೆಯ ಬೂಟಿನಡಿಯಲ್ಲಿ ಆಂಡಿ ಎಂಬ ಹುಡುಗ ತನ್ನ ಹೆಸರು ಬರೆದಿದ್ದಾನೆ. ಯಾವ ಹುಡುಗನೂ ಬರೆಯುತ್ತಾನೆ. ಕಂಪಾಸ್ ಬಾಕ್ಸಿನ ಮೇಲೆ, ಬೆಂಚಿನ ಮೇಲೆ, ಆಗತಾನೇ ಹಾಕಿದ ಸಿಮೆಂಟಿನ ಮೇಲೆ. ಪಾದತಲವಾದಿಗೆ ಮಾತ್ರ ಇದು 'ಒಡೆತನದ ಯಜಮಾನಿಕೆಯು ಅಧೀನ ದೇಹದ ಅಗೋಚರ ಅಂಚಿನಲ್ಲಿ ತನ್ನ ಸಂಕಥನವನ್ನು ಮುದ್ರೆಯೊತ್ತುವ ನೆಲೆ'. ಈ ಪಂಥದ ದೇಸಿ ಶಾಖೆ ಇನ್ನೂ ಮುಂದೆ ಹೋಗಿದೆ. ಆಂಡಿ ಎಂಬುದು ವುಡಿಯ ಅಂಕಿತ; ಅಂಕಿತ ಉಳ್ಳವನು ವಚನಕಾರ; ಆದ್ದರಿಂದ ವುಡಿ ವಚನಕಾರ. ವಚನ ಎಲ್ಲಿದೆ ಎಂದು ಕೇಳಿದಿರೋ, ಅವನ ಬೆನ್ನಿಗೊಂದು ದಾರವಿದೆ, ಎಳೆದರೆ ಮಾತಾಡುತ್ತಾನೆ. ಎಳೆದವನು ಕರ್ತೃವೋ ನುಡಿದವನು ಕರ್ತೃವೋ ಎಂಬ ಬಿಕ್ಕಟ್ಟಿನಲ್ಲಿ ಒಂದು ಅಧ್ಯಾಯ ಸಲೀಸಾಗಿ ತುಂಬುತ್ತದೆ.

ಇಷ್ಟರ ನಡುವೆ ಬಜ್ ಲೈಟ್‌ಇಯರ್ ಕಳೆದುಹೋಗಿದ್ದಾನೆ. ತಾನು ನಿಜವಾದ ಗಗನಯಾತ್ರಿ ಎಂದೇ ನಂಬಿದ್ದ ಈ ಗೊಂಬೆ ಟಿವಿಯಲ್ಲಿ ತನ್ನದೇ ಜಾಹೀರಾತು ನೋಡಿಬಿಡುತ್ತದೆ. ಆದರೂ ಕೊನೆಯ ಸಲ ಹಾರಿ ನೋಡುತ್ತದೆ, ಬಿದ್ದು ಕೈ ಮುರಿದುಕೊಳ್ಳುತ್ತದೆ. ಎಂಥ ದೃಶ್ಯ ಅದು! ಕ್ಷಮಿಸಿ, ಎಂಥ ಪಠ್ಯ ಅದು.

ಎರಡನೆಯದು ಮತ್ಸ್ಯ ಪಂಥ. ಕ್ಲೌನ್‌ಫಿಶ್ ಜಾತಿಯಲ್ಲಿ ಗುಂಪಿನ ಹೆಣ್ಣು ಸತ್ತರೆ ಹಿರಿಯ ಗಂಡೇ ಹೆಣ್ಣಾಗುತ್ತದೆ. ಇದು ಜೀವಶಾಸ್ತ್ರದ ಮಾತು. ಹಾಗಾದರೆ 'ಫೈಂಡಿಂಗ್ ನೀಮೊ' (2003) ಚಿತ್ರದ ಮೊದಲಲ್ಲೇ ಹೆಂಡತಿಯನ್ನು ಕಳೆದುಕೊಂಡ ಮಾರ್ಲಿನ್ ಉಳಿದ ಚಿತ್ರದುದ್ದಕ್ಕೂ ಅಪ್ಪನೋ ಅಮ್ಮನೋ? ಜ್ಯಾಕ್ ಹಾಲ್ಬರ್‌ಸ್ಟಾಮ್ ಎಂಬ ವಿದ್ವಾಂಸರು 2011ರಲ್ಲಿ ಸೋಲಿನ ಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇಂಥ ಚಿತ್ರಗಳಲ್ಲಿ ಬಂಡಾಯದ ಬೀಜ ಹುಡುಕಿ, ಪಿಕ್ಸಾರ್ ಸ್ಟುಡಿಯೊದ ಹೆಸರಿಗೇ ಬಂಡಾಯ ಅಂಟಿಸಿ ಹೊಸ ಪದ ಕಟ್ಟಿದರು. ಬಲೆಗೆ ಬಿದ್ದ ಮೀನುಗಳೆಲ್ಲ ಒಂದೇ ದಿಕ್ಕಿಗೆ ಈಜಿ ಬಲೆಯನ್ನೇ ಕೆಡವುತ್ತವಲ್ಲ, ಅದನ್ನು ಬಂಡಾಯ ಎಂದರೆ ನನ್ನ ತಕರಾರಿಲ್ಲ. ಅವರು ಚಿತ್ರವನ್ನು ಪ್ರೀತಿಸಿ, ಆಟವಾಡುತ್ತ ಬರೆದರು. ನಮ್ಮವರು ಅದರ ಅಡಿಟಿಪ್ಪಣಿಯನ್ನಷ್ಟೇ ಎರವಲು ತಂದು, ಆಟವನ್ನು ಸುಂಕದ ಕಟ್ಟೆಯಲ್ಲೇ ಬಿಟ್ಟು ಬಂದರು.

ಮೂರನೆಯದು ಅದ್ವೈತ ಪಂಥ. ಜಾನ್ ನೆಗ್ರೋನಿ ಎಂಬವರು 2013ರಲ್ಲಿ ಪಿಕ್ಸಾರಿನ ಚಿತ್ರಗಳೆಲ್ಲ ಒಂದೇ ಲೋಕದವು, ಒಂದೇ ಕಾಲಸೂತ್ರಕ್ಕೆ ಪೋಣಿಸಿದವು ಎಂದು ಸಾಧಿಸಿದರು. 'ಮಾನ್‌ಸ್ಟರ್ಸ್ ಇಂಕ್' ಚಿತ್ರದ ಪುಟ್ಟ ಹುಡುಗಿ ಬೂ ಬೇರೆಯಲ್ಲ, 'ಬ್ರೇವ್' ಚಿತ್ರದ ಮಾಟಗಾತಿ ಬೇರೆಯಲ್ಲ, ಭೇದವೆಲ್ಲ ಮಾಯೆ. ದ್ವೈತಿಗಳು 'ಕಾರ್ಸ್' ಮುಂದಿಟ್ಟು ಖಂಡಿಸುತ್ತಾರೆ: ಮನುಷ್ಯರೇ ಇಲ್ಲದ ಲೋಕದಲ್ಲಿ ಕಾರಿಗೆ ಬಾಗಿಲು ಯಾಕೆ? ಈ ಪೂರ್ವಪಕ್ಷಕ್ಕೆ ಇದುವರೆಗೆ ಸಮಾಧಾನ ಬಂದಿಲ್ಲ.

ನಾಲ್ಕನೆಯದು ಮೂರನೆಯದರ ಹಾಗೇ ಇದೆ. ಐದು, ಆರು, ಏಳನ್ನು ವಾಚಕರೇ ಊಹಿಸಿಕೊಳ್ಳಬೇಕು. ಬೇಕಾದರೆ 'ಕುಂಗ್ ಫು ಪಾಂಡಾ' ಬಗ್ಗೆ ತತ್ವಜ್ಞಾನಿ ಸ್ಲಾವೋಯ್ ಜಿಜೆಕ್ ಆಡಿದ ಮಾತುಗಳನ್ನು ಆರಕ್ಕೆ ಹಾಕಿಕೊಳ್ಳಿ. ಅವರನ್ನು ಯಾವ ಖಾನೆಗೆ ಹಾಕಿದರೂ ಬೇಸರಿಸುವುದಿಲ್ಲ.

ನನಗೆ ಬೇಸರವಾದದ್ದು ಬೇರೆ ಕಡೆ. ಹೆಸರು ಬೇಡ, ಒಂದು ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಮಧ್ಯಾಹ್ನದ ಊಟದ ನಂತರ 'ಮಾನ್‌ಸ್ಟರ್ಸ್ ಇಂಕ್' (2001) ಕುರಿತ ಪ್ರಬಂಧ ಕೇಳಿದೆ. ಆ ಚಿತ್ರದಲ್ಲಿ ರಾಕ್ಷಸರು ಮಕ್ಕಳನ್ನು ಹೆದರಿಸಿ ಅವರ ಕಿರುಚಾಟದಿಂದ ವಿದ್ಯುತ್ ತೆಗೆಯುತ್ತಾರೆ. ನಗುವಿನಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಶಕ್ತಿಯಿದೆ ಎಂದು ಕೊನೆಗೆ ಗೊತ್ತಾಗುತ್ತದೆ. ಪ್ರಬಂಧಕಾರರು ಇದನ್ನು 'ಭೀತಿ ಉತ್ಪಾದನಾ ಸಂಬಂಧಗಳಿಂದ ಹಾಸ್ಯ ಉತ್ಪಾದನಾ ಸಂಬಂಧಗಳತ್ತ ಚಲನೆ' ಎಂದರು. ಶ್ರಮ, ಹೆಚ್ಚುವರಿ ಮೌಲ್ಯ, ಪರಕೀಯತೆ, ಎಲ್ಲವೂ ಬಂದವು. ಪ್ರಶ್ನೋತ್ತರಕ್ಕೆ ಸಮಯವಿರಲಿಲ್ಲ.

ಸರಿ, ಶ್ರಮದ ಮಾತೇ ಆಗಲಿ. 2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಪಿಕ್ಸಾರ್, ಲ್ಯೂಕಾಸ್‌ಫಿಲ್ಮ್ ಮೊದಲಾದ ಕಂಪನಿಗಳ ಮೇಲೆ ದಾವೆ ಹೂಡಿತು. ನಿನ್ನ ಕೆಲಸಗಾರರಿಗೆ ನಾನು ಫೋನ್ ಮಾಡಿ ಕರೆಯುವುದಿಲ್ಲ, ನನ್ನವರನ್ನು ನೀನು ಕರೆಯಬೇಡ ಎಂಬ ಒಳಒಪ್ಪಂದದ ಆರೋಪ. ಹೊರಗಿನಿಂದ ಕರೆ ಬಾರದಿದ್ದರೆ ಒಳಗೆ ಸಂಬಳ ಏರುವುದಿಲ್ಲ. ಇದು ಅರ್ಥವಾಗಲು ಯಾವ ಸಿದ್ಧಾಂತವೂ ಬೇಡ. 2014ರಲ್ಲಿ ಅನಿಮೇಷನ್ ಕಲಾವಿದರೇ ನ್ಯಾಯಾಲಯಕ್ಕೆ ಹೋದರು. 2017ರಲ್ಲಿ ಡಿಸ್ನಿ, ಪಿಕ್ಸಾರ್, ಲ್ಯೂಕಾಸ್‌ಫಿಲ್ಮ್ ಸೇರಿ 10 ಕೋಟಿ ಡಾಲರಿಗೆ ರಾಜಿಯಾದವು. ಇನ್ನೊಂದು ಸ್ಟುಡಿಯೊ ಡ್ರೀಮ್‌ವರ್ಕ್ಸ್ ಹಿಂದಿನ ವರ್ಷವೇ 5 ಕೋಟಿಗೆ. 'ಮಾನ್‌ಸ್ಟರ್ಸ್ ಇಂಕ್'ನ ಸಲ್ಲಿ ಎಂಬ ರಾಕ್ಷಸನ ಮೈಮೇಲೆ 23 ಲಕ್ಷಕ್ಕೂ ಹೆಚ್ಚು ಕೂದಲು, ಅವನು ನಡೆದಾಗ ಅವೆಲ್ಲ ಗಾಳಿಗೆ ಅಲುಗುವಂತೆ ಮಾಡಿದವರ ಸಂಬಳದ ಜಗಳ ಇದು. ತೆರೆಯ ಮೇಲಿನ ಕಾರ್ಖಾನೆಯನ್ನು ಅಷ್ಟು ಸೂಕ್ಷ್ಮವಾಗಿ ಕಂಡವರಿಗೆ ತೆರೆಯ ಹಿಂದಿನದು ಕಾಣಲಿಲ್ಲ. ರೂಪಕದ ಕೂಲಿಯವನಿಗೆ ಕಣ್ಣೀರು, ನಿಜವಾದ ಕೂಲಿಯವನ ಹೆಸರು ತೆರೆಯ ಮೇಲೆ ಏರುವಾಗ ಎದ್ದು ಬಾಗಿಲ ಕಡೆ ನಡಿಗೆ.

'ಟಾಯ್ ಸ್ಟೋರಿ 2' (1999) ಬಗ್ಗೆಯೂ ಹೀಗೇ. ಮಾಲಕಿ ದೊಡ್ಡವಳಾದಾಗ ಬೀದಿಗೆ ಬಿದ್ದ ಜೆಸ್ಸಿ ಎಂಬ ಗೊಂಬೆ, ಗೊಂಬೆಗಳನ್ನು ಗಾಜಿನ ಹಿಂದೆ ಇಡಲು ಕಾದಿರುವ ಟೋಕಿಯೊದ ಮ್ಯೂಸಿಯಂ: ಸ್ಮೃತಿ, ಸಂಗ್ರಹ, ವಿಸ್ಮೃತಿ ಎಂದು ಬರೆಯಲು ಇದಕ್ಕಿಂತ ಏನು ಬೇಕು? 1998ರಲ್ಲಿ, ತಯಾರಿಯ ಹಂತದಲ್ಲೇ, ಆ ಚಿತ್ರವೇ ವಿಸ್ಮೃತಿಗೆ ಸಂದಿತ್ತು. ಕಂಪ್ಯೂಟರಿಗೆ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಕಡತಗಳು ಒಂದೊಂದಾಗಿ ಅಳಿಸಿಹೋದವು. ಬ್ಯಾಕಪ್ ತೆಗೆದು ನೋಡಿದರೆ ಅದೂ ಕೆಟ್ಟಿತ್ತು. ಗೇಲಿನ್ ಸಸ್ಮನ್ ಎಂಬ ಉದ್ಯೋಗಿ ಆಗತಾನೇ ತಾಯಿಯಾಗಿದ್ದರು, ಮನೆಯಿಂದಲೇ ಕೆಲಸ ಮಾಡಲು ಚಿತ್ರದ ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರು. ಹಾಲುಗೂಸಿನ ದೆಸೆಯಿಂದ ಚಿತ್ರ ಉಳಿಯಿತು. 2023ರಲ್ಲಿ ಪಿಕ್ಸಾರ್ ಕೆಲಸದಿಂದ ತೆಗೆದವರಲ್ಲಿ ಅವರೂ ಒಬ್ಬರು. ಜೆಸ್ಸಿಯ ಮೇಲೆ ಪುಟಗಟ್ಟಲೆ ಬರೆದವರಿಗೆ ಇಲ್ಲೊಂದು ಅಧ್ಯಾಯ ಬಿದ್ದಿತ್ತು.

ಇದೆಲ್ಲ ಕ್ಯಾಲಿಫೋರ್ನಿಯಾದ ಮಾತು, ನಮಗೇನು ಎನ್ನಬೇಡಿ. ಬೆಂಗಳೂರಿನಲ್ಲಿ ಟೆಕ್ನಿಕಲರ್ ಸ್ಟುಡಿಯೊದೊಳಗೆ ಡ್ರೀಮ್‌ವರ್ಕ್ಸ್‌ಗಾಗಿಯೇ ಮೀಸಲಾದ ಘಟಕವಿತ್ತು. 2011ರ 'ಪುಸ್ ಇನ್ ಬೂಟ್ಸ್' ಬೆಕ್ಕಿಗೆ ಇಲ್ಲಿಯ ಹುಡುಗ ಹುಡುಗಿಯರೂ ಜೀವ ತುಂಬಿದ್ದಾರೆ. ಅದೇ ಟೆಕ್ನಿಕಲರ್ ಸಮೂಹದ ಎಂಪಿಸಿ ಸ್ಟುಡಿಯೊ ಸಿಂಹರಾಜನ ಕಥೆ 'ಮುಫಾಸಾ' ಮಾಡಿತು. ಚಿತ್ರ 2024ರ ಡಿಸೆಂಬರಿನಲ್ಲಿ ಬಂತು. ಎರಡು ತಿಂಗಳ ಮೇಲೆ, 2025ರ ಫೆಬ್ರವರಿಯಲ್ಲಿ, ಪ್ಯಾರಿಸ್ ಮೂಲದ ಆ ಸಮೂಹ ಕುಸಿಯಿತು. ಬೆಂಗಳೂರಿನ ಬಾಗಿಲೂ ಮುಚ್ಚಿತು. ಅನಿಮೇಷನ್, ಲೈಟಿಂಗ್, ರಿಗ್ಗಿಂಗ್, ಕಾಂಪೊಸಿಟಿಂಗ್ ಕಲಿತವರು ಮನೆಯ ಇಎಂಐ ಲೆಕ್ಕ ಹಾಕುತ್ತ ಹೊರಬಂದರು. ಸಿಂಹದ ಕೇಸರವನ್ನು ಎಳೆ ಎಳೆಯಾಗಿ ಬಾಚಿದವರು ಬಸ್ಸಿನಲ್ಲಿ ನಮ್ಮ ಪಕ್ಕದಲ್ಲೇ ಕೂತಿರಬಹುದು. ನಾವು ರಾಜತ್ವದ ಪ್ರತಿಮಾ ವಿಧಾನ ಚರ್ಚಿಸುತ್ತಿದ್ದೆವು.

'ರಾಟಟೂಯಿ' (2007) ಚಿತ್ರದಲ್ಲಿ ಆಂಟನ್ ಈಗೊ ಎಂಬ ಕಡುಕೋಪದ ವಿಮರ್ಶಕ ಒಂದು ತುತ್ತು ಬಾಯಿಗಿಟ್ಟದ್ದೇ ಲೇಖನಿ ಕೆಳಗೆ ಬೀಳಿಸುತ್ತಾನೆ. ಆಮೇಲೆ ಅವನು ಕೇಳುವುದು ಒಂದನ್ನೇ: ಅಡುಗೆ ಮಾಡಿದವರು ಯಾರು, ಕರೆಯಿರಿ. ಹೋಟೆಲು ಖಾಲಿಯಾಗುವ ತನಕ ಕಾದು ಕೂರುತ್ತಾನೆ.

ಈ ಜಾಡಿನಲ್ಲಿ ಸಂಶೋಧನೆ ಮಾಡುತ್ತೇನೆಂದು ಬೆಂಗಳೂರಿನ ಕಲಾವಿದರನ್ನು ಮಾತಾಡಿಸಲು ಹೊರಟ ವಿದ್ಯಾರ್ಥಿಯೊಬ್ಬಳಿಗೆ ಮಾರ್ಗದರ್ಶಕರು ಸಿಗಲಿಲ್ಲ. ವಿಷಯ ಒಳ್ಳೆಯದೇ, ಆದರೆ ಸೈದ್ಧಾಂತಿಕ ಚೌಕಟ್ಟು ಸಾಲದು ಎಂದರಂತೆ.